ಪಾಳಿಯ ಹಾಲು

ನನ್ನ ಚೊಚ್ಚಲ ಮಗಳು ಹುಟ್ಟಿ ಇಪ್ಪತ್ತೆರಡು ದಿನಗಳಾಗಿದ್ದವು. ಅಂದು ಗುರುವಾರ. ದೋರನಹಳ್ಳಿಯ ಅಂಗನವಾಡಿಯಲ್ಲಿ ಚುಚ್ಚುಮದ್ದಿನ ದಿನ. ತೊಲೆಗೆ ತೂಗುಹಾಕಿದ್ದ ಸ್ಪ್ರಿಂಗ್ ತಕ್ಕಡಿಯ ಜೋಳಿಗೆಯಲ್ಲಿ ಅವಳನ್ನು ಮಲಗಿಸಿದಾಗ ಮುಳ್ಳು ಸ್ವಲ್ಪ ನಡುಗಿ ಒಂದು ಗೆರೆಯ ಮೇಲೆ ನಿಂತಿತು. ಯಾದಗಿರಿಯ ದವಾಖಾನೆಯಲ್ಲಿ ಹೆರಿಗೆಯಾದ ದಿನ ಕಾರ್ಡಿನ ಮೇಲೆ ಬರೆದುಕೊಟ್ಟಿದ್ದುದೂ ಅದೇ ಗೆರೆಯ ಅಂಕಿಯೇ. ಮೂರು ವಾರಗಳ ಕಾಲ ನಾವೆಲ್ಲ ಸೇರಿ ನಡೆಸಿದ್ದ ಸಮಸ್ತ ಉದ್ಯೋಗದ ಫಲ ಸೊನ್ನೆ ಎಂದು ಆ ಮುಳ್ಳು ಸಾರಿತು.

"ಟೀಚರ್, ಕೂಸು ಹುಟ್ಟಿದಾಗ ಎಷ್ಟಿತ್ತೋ ಅಷ್ಟೇ ಅದರಿ," ಎಂದಳು ನರ್ಸಮ್ಮ. "ಕಣ್ಣಾಗ ಕಳಿ ಅದ, ಹೆದರಬ್ಯಾಡ್ರಿ. ಈ ನಡುವ ನಾನೇ ಒಂದ್ ದಿನ ಮನಿಗೆ ಬಂದು ನೋಡ್ತೀನಿ. ಮುಂದಿನ ಗುರುವಾರ ಬಿಟ್ಟು ಅದರ ಮುಂದಿನ ಗುರುವಾರ ಮತ್ತ ತೂಗೋಣು. ಆವಾಗೂ ಏರಲಿಲ್ಲಂದ್ರ ಡಬ್ಬಿ ಹಾಲು ಸುರು ಮಾಡಬೇಕಾಗ್ತದ ನೋಡ್ರಿ."

ಈ ನರ್ಸಮ್ಮ ರಾಮಸಮುದ್ರದ ಶಾಲೆಯಲ್ಲಿ ಏಳನೆಯ ತರಗತಿಗೆ ನನ್ನ ವಿದ್ಯಾರ್ಥಿನಿಯಾಗಿದ್ದವಳು. ಬೆಳಗಿನ ಪ್ರಾರ್ಥನೆಗೆ ತಡವಾಗಿ ಬರುತ್ತಿದ್ದಳೆಂದು ಅವಳನ್ನು ಎಷ್ಟೋ ಸಲ ಬಾಗಿಲ ಹೊರಗೆ ನಿಲ್ಲಿಸಿದ್ದೆ. ಈಗ ಅವಳು ನನಗೆ ಗಡುವು ಕೊಟ್ಟಳು. ನಾನು ತಲೆಗೆ ಕಟ್ಟಿಕೊಂಡಿದ್ದ ಬಟ್ಟೆಯನ್ನು ಸರಿಪಡಿಸಿಕೊಂಡು, "ಆಯಿತು," ಎಂದು ಒಪ್ಪಿಕೊಂಡು ಬಂದೆ. ಡಬ್ಬಿಯ ಹಾಲು ಕುಡಿದು ಬೆಳೆದ ಮಕ್ಕಳು ಲೋಕದಲ್ಲಿ ಇಲ್ಲವೆಂದಲ್ಲ. ಆದರೆ ಮಗಳನ್ನು ನಾನೇ ಹಾಲೂಡಿಸಿ ಸಾಕಬೇಕೆಂಬುದು ನನ್ನ ಆಸೆ. ಇಪ್ಪತ್ತೆಂಟರ ವಯಸ್ಸಿನಲ್ಲಿ, ಊರವರೆಲ್ಲ ಆಸೆ ಬಿಟ್ಟ ಮೇಲೆ ಹುಟ್ಟಿದ ಕೂಸು ಅದು. ಅದರ ಹೊಟ್ಟೆಯನ್ನೂ ತುಂಬಿಸಲಾರೆನೇ ಎಂಬ ಪ್ರಶ್ನೆ ಅಂಗನವಾಡಿಯಿಂದ ಮನೆಯವರೆಗೆ ನನ್ನ ಜೊತೆಯಲ್ಲೇ ನಡೆದುಬಂತು.

ದೋರನಹಳ್ಳಿ ನನ್ನ ತವರು. ಆ ಹೊತ್ತಿಗೆ ಕಾಲುವೆಗೆ ನೀರು ಬಂದು ಏಳೆಂಟು ವರ್ಷಗಳಾಗಿದ್ದವು. ಜೋಳ, ತೊಗರಿ ಬೆಳೆಯುತ್ತಿದ್ದ ಎರೆಹೊಲಗಳಲ್ಲಿ ಭತ್ತ ಕಾಣಿಸಿಕೊಂಡಿತ್ತು. ಮಾತಿನಲ್ಲಿಯೂ ಕಾಲುವೆ ತುಂಬಿ ಹರಿಯುತ್ತಿತ್ತು. ನಮ್ಮ ಅಪ್ಪನ ನಾಲ್ಕು ಎಕರೆ ಕಾಲುವೆಯ ಕಟ್ಟಕಡೆಯಲ್ಲಿ ಇದ್ದುದರಿಂದ, ಮೇಲಿನವರು ಬಿಟ್ಟ ನೀರು ಅವನಿಗೆ. ಪಾಳಿಯ ಪ್ರಕಾರ ಇಂಥ ದಿನ, ಇಂಥ ತಾಸಿನಿಂದ ಇಂಥ ತಾಸಿನವರೆಗೆ ಎಂದು ಗೊತ್ತುಮಾಡಿರುತ್ತಿದ್ದರು. ಆ ಪಾಳಿಯನ್ನು ಕಾಯುವುದಕ್ಕಾಗಿಯೇ ಅಪ್ಪ ದೊಡ್ಡದೊಂದು ಗೋಡೆ ಗಡಿಯಾರ ತಂದು ಪಡಸಾಲೆಯಲ್ಲಿ ನೇತುಹಾಕಿದ್ದ. ವೇಳೆಯ ಮೇಲಿನ ನನ್ನ ನಿಷ್ಠೆ ಅವನಿಂದಲೇ ಬಂದುದು. ಅದಕ್ಕಾಗಿ ನಾನು ಈಗಲೂ ಕೃತಜ್ಞಳು, ಆ ಮೂರು ವಾರಗಳನ್ನು ಹೊರತುಪಡಿಸಿ.

ತವರಿಗೆ ಬಂದ ಮರುದಿನವೇ ನಾನು ಒಂದು ನೋಟುಪುಸ್ತಕಕ್ಕೆ ಪೆನ್ಸಿಲಿನಿಂದ ಗೆರೆ ಹಾಕಿದ್ದೆ. ವೇಳೆ, ಬದಿ, ಅವಧಿ, ಷರಾ ಎಂಬ ನಾಲ್ಕು ಅಂಕಣಗಳು. ಮೂರು ತಾಸಿಗೊಮ್ಮೆ ಹಾಲು ಕುಡಿಸಬೇಕೆಂದು ಯಾವುದೋ ಪುಸ್ತಕದಲ್ಲಿ ಓದಿದ್ದೆನಾದ್ದರಿಂದ ಮೂರು ತಾಸಿಗೊಮ್ಮೆ ಕುಡಿಸಿದೆ. ಕೂಸು ನಡುವೆ ಅತ್ತರೆ, ಅದಕ್ಕಿನ್ನೂ ಶಿಸ್ತು ಬಂದಿಲ್ಲವೆಂದು ತಿಳಿದೆ. ಷರಾ ಅಂಕಣದಲ್ಲಿ 'ಅಪೂರ್ಣ', 'ನಿದ್ರೆ', 'ರೋದನ' ಎಂಬ ಮೂರು ಪದಗಳೇ ಮತ್ತೆ ಮತ್ತೆ ಬಂದವು.

ಹಾಲು ಸಾಲದೆಂಬ ಶಂಕೆ ಎಂಟನೆಯ ದಿನಕ್ಕೇ ಹುಟ್ಟಿತ್ತು. ಬೆಳೆದ ಮಗಳೊಂದಿಗೆ ತಂದೆಯಾದವನು ಎದೆಹಾಲಿನ ಮಾತನ್ನು ನೇರವಾಗಿ ಎತ್ತುವ ರೂಢಿ ನಮ್ಮ ಕಡೆ ಇಲ್ಲ. ಆದರೆ ಮೊಮ್ಮಗಳ ಚಿಂತೆ ಅಪ್ಪನಿಗೂ ಇತ್ತು. ಅವನು ಅಂಗಳದಲ್ಲಿ ನಿಂತು, ಎಮ್ಮೆಯ ಕಡೆ ಮುಖ ಮಾಡಿ, ಒಳಗಿದ್ದ ಅವ್ವನನ್ನು ಕೇಳಿದ:

"ಏನಂತದ? ಕೆನಾಲಿಗೆ ನೀರು ಬಂತೇನು?"

"ಬಂದದ," ಎಂದಳು ಅವ್ವ, ಒಲೆಯ ಮುಂದಿನಿಂದ. "ಆದ್ರ ತುದಿತನ ಮುಟ್ಟವಲ್ದು."

"ಒಂದೇ ಸವನ ಬಿಟ್ರ ಹೆಂಗ ಮುಟ್ಟತದ? ಜರಾ ಗೇಟ್ ಬಂದ್ ಇಟ್ಟು ನಿಂದ್ರಸಬೇಕು. ನಿಂತ ನೀರಿಗೆ ಜೋರು ಇರ್ತದ. ಆವಾಗ ಬಿಟ್ರ ಕಡೀ ಹೊಲಕ್ಕೂ ಮುಟ್ಟತದ."

ಎಮ್ಮೆ ಇದನ್ನು ಕೇಳಿಸಿಕೊಂಡು ಸುಮ್ಮನಿತ್ತು. ನಾನು ಸುಮ್ಮನಿರಲಿಲ್ಲ. ಉಪಮೇಯಕ್ಕೂ ಉಪಮಾನಕ್ಕೂ ನಡುವೆ ಸಮಾನಧರ್ಮ ಇರಬೇಕೆಂದು ವರ್ಷವರ್ಷವೂ ಮಕ್ಕಳಿಗೆ ಕಲಿಸಿದವಳು, ಅಪ್ಪನ ಮಾತನ್ನು ಒರೆಗೆ ಹಚ್ಚದೆಯೇ ಒಪ್ಪಿಕೊಂಡೆ. ಕಾಲುವೆಯಲ್ಲಿ ನಿಜವಾದುದು ನನ್ನ ಮೈಯಲ್ಲಿ ಸುಳ್ಳಾಗಲು ಕಾರಣವೇ ತೋರಲಿಲ್ಲ. ಮೂರು ತಾಸಿನ ಅಂತರವನ್ನು ನಾಲ್ಕಕ್ಕೆ ಏರಿಸಿ, ಹಾಲು 'ನಿಲ್ಲಲಿ' ಎಂದು ಕಾದೆ. ನಡುವಿನ ಹೊತ್ತಿನಲ್ಲಿ ಕೂಸು ಅತ್ತಾಗ ಅವ್ವ ಅರಳೆಯ ಬತ್ತಿಯನ್ನು ಸಕ್ಕರೆ ನೀರಿನಲ್ಲಿ ಅದ್ದಿ ಅದರ ಬಾಯಿಗೆ ಇಡುತ್ತಿದ್ದಳು. ನಾಲ್ಕು ತಾಸು ಮುಗಿದು ನಾನು ಎತ್ತಿಕೊಳ್ಳುವಾಗ ಅದು ನಿದ್ದೆಗಣ್ಣಿನಲ್ಲಿ ಎರಡು ಗುಟುಕು ಕುಡಿದು ಬಾಯಿ ಬಿಡುತ್ತಿತ್ತು. ನಾನು 'ಅಪೂರ್ಣ' ಎಂದು ಬರೆಯುತ್ತಿದ್ದೆ.

ಇತ್ತ ಅವ್ವ ತನ್ನ ಇಲಾಖೆಯನ್ನು ನಿಷ್ಠೆಯಿಂದ ನಡೆಸುತ್ತಿದ್ದಳು. ಬೆಳಿಗ್ಗೆ ಅಳ್ವಿ ಪಾಯಸ. ಅಳ್ವಿ ಎಂದರೆ ಸಾಸಿವೆಗಿಂತ ಸ್ವಲ್ಪ ಉದ್ದನೆಯ ಕೆಂಪು ಬೀಜ. ನೆನೆಸಿದರೆ ಲೋಳೆಯಾಗಿ ಉಬ್ಬುತ್ತದೆ, ಹಾಲು ಬೆಲ್ಲದೊಂದಿಗೆ ಕುದಿಸಿದರೆ ಗಂಟಲಿನಲ್ಲಿ ತಾನೇ ಇಳಿಯುತ್ತದೆ, ಬೇಡವೆನ್ನಲು ಅವಕಾಶವನ್ನೇ ಕೊಡುವುದಿಲ್ಲ. ಮಧ್ಯಾಹ್ನ ಸಬ್ಬಸಗಿ ಪಲ್ಲೆ, ತುಪ್ಪದಲ್ಲಿ ಹುರಿದ ಬೆಳ್ಳುಳ್ಳಿ. ಸಂಜೆಗೆ ಒಣಕೊಬ್ಬರಿ, ಉತ್ತತ್ತಿ ಕುಟ್ಟಿ ಹಾಕಿದ ಅಂಟಿನುಂಡಿ. ಇವುಗಳ ನಡುವೆ ಎಲ್ಲಿ ಸಂದು ಸಿಕ್ಕರೂ ಅಲ್ಲಿ ಮೆಂತ್ಯದ ಉಂಡಿ. ವಾರದೊಳಗೆ ನನ್ನ ಬೆವರು, ಸೀರೆ, ಕೌದಿ, ಕಡೆಗೆ ಕೂಸಿನ ನೆತ್ತಿಯೂ ಮೆಂತ್ಯದ ವಾಸನೆ ಹೊಡೆಯತೊಡಗಿದವು. ಆದರೆ ಕುಡಿಯಲು ನೀರು ಮಾತ್ರ ಅಳತೆಯ ಪ್ರಕಾರ. ಬಾಣಂತಿ ಬಹಳ ನೀರು ಕುಡಿದರೆ ಮೈಗೆ ನೀರಿಳಿಯುತ್ತದೆಂಬುದು ಅವ್ವನ ಸಿದ್ಧಾಂತ. ಊರಿನ ಗದ್ದೆಗಳಿಗೆಲ್ಲ ಮೊಣಕಾಲುಮಟ್ಟ ನೀರು ನಿಂತಿದ್ದ ಕಾಲದಲ್ಲಿ ನಾನೊಬ್ಬಳು ದಿನಕ್ಕೆ ಎರಡು ತಂಬಿಗೆ ನೀರಿನಲ್ಲಿ ಬದುಕಿದೆ.

ತಕ್ಕಡಿ ಸೊನ್ನೆ ಕೊಟ್ಟ ಗುರುವಾರದ ನಂತರ ಬಂದ ಭಾನುವಾರ, ಸುರಪುರದಿಂದ ನನ್ನ ಯಜಮಾನರೂ ಅತ್ತೆಯೂ ಬಸ್ಸಿನಲ್ಲಿ ಬಂದಿಳಿದರು. ಯಜಮಾನರು ಹೊಸ್ತಿಲಲ್ಲಿ ನಿಂತು ಮೂಗು ಅರಳಿಸಿದರು.

"ಬಾಳಂತಿ ಕ್ವಾಣಿ ಇದೇನಾ? ಉಪ್ಪಿನಕಾಯಿ ಭರಣಿ ಮುಚ್ಚಳ ತೆಗೆದಂಗ ಆತು."

"ಹೊರಗೇ ಕೂಡ್ರಿ," ಎಂದೆ. "ಕರೆದೋರು ಯಾರು?"

ಅತ್ತೆ ಇಂಥ ಮಾತಿಗೆಲ್ಲ ಕಿವಿಗೊಡದೆ, ಸೆರಗಿನ ತುದಿಯಿಂದ ಬಟ್ಟೆಯ ಗಂಟೊಂದನ್ನು ಬಿಚ್ಚಿದರು. ಒಳಗೆ ಬೂದುಬಣ್ಣದ ಪುಡಿ. ತಿಂಥಣಿಯ ಕಡೆ ಬೇರು ನಾರು ಬಲ್ಲವನೊಬ್ಬ ಅರೆದುಕೊಟ್ಟದ್ದು. ಏನೆಂದು ಕೇಳಿದೆ. ಹಲವು ಮಕ್ಕಳ ತಾಯಿ ಬೇರು ಎಂದರು. ಒಂದು ಮಗುವಿನ ತಾಯಿಯಾಗಿಯೇ ಸೋತು ಕುಳಿತಿದ್ದ ನನಗೆ ಆ ಹೆಸರು ಕೇಳಿಯೇ ಬೆವರೊಡೆಯಿತು.

"ಬೀಗತಿ, ನಿಮ್ಮ ಅಳ್ವಿ ಛಲೋನೇ ಅದ," ಎಂದರು ಅತ್ತೆ, ಅವ್ವನ ಪಾಯಸದ ಬಟ್ಟಲನ್ನು ನೋಡಿ. "ಆದ್ರ ಅದು ಸೊಂಟಕ್ಕ. ಹಾಲಿಗಂದ್ರ ಬೇರೇ ಬೇಕು."

"ನಮ್ಮ ಮನ್ಯಾಗ ಐದು ಕೂಸು ಅಳ್ವಿ ಮ್ಯಾಲೇ ಬೆಳೆದಾವ್ರಿ," ಎಂದಳು ಅವ್ವ.

"ಬೆಳೆದಾವ, ಯಾರು ಇಲ್ಲಂದ್ರು? ಜರಾ ಗಿಡ್ಡ ಆಗ್ಯಾವ, ಅಷ್ಟೇ."

ಅವ್ವ ನನ್ನ ಎತ್ತರವನ್ನೊಮ್ಮೆ ಕಣ್ಣಿನಲ್ಲೇ ಅಳೆದು, ಒಲೆಗೆ ಇನ್ನೊಂದು ಕಟ್ಟಿಗೆ ದೂಡಿದಳು. ಅಂದಿನಿಂದ ನಾನು ಇಬ್ಬರನ್ನೂ ಮೆಚ್ಚಿಸಬೇಕಾಯಿತು. ಪಾಯಸದ ಮೇಲೆ ಪುಡಿ, ಪುಡಿಯ ಮೇಲೆ ಪಾಯಸ.

ಯಜಮಾನರೂ ಬರಿಗೈಯಲ್ಲಿ ಬಂದಿರಲಿಲ್ಲ. ಶಹಾಪುರದ ಬಸ್ ನಿಲ್ದಾಣದ ಎದುರಿನ ಔಷಧದ ಅಂಗಡಿಯವನೊಡನೆ ಅವರು ಸಮಾಲೋಚನೆ ನಡೆಸಿದ್ದರು. ಫಲವಾಗಿ ಸಕ್ಕರೆಯ ಹರಳಿನಂಥ ಔಷಧ ಒಂದು ಡಬ್ಬಿ, ಒಂದು ಪಟ್ಟಿ ಮಾತ್ರೆ. ಹರಳು ಔಷಧದ ಡಬ್ಬಿಯೊಳಗೆ ಮಡಚಿಟ್ಟಿದ್ದ ಕಾಗದದಲ್ಲಿ 'ವೃಧ್ಧಿ' ಎಂದು ಎರಡು ಮಹಾಪ್ರಾಣಗಳು ಒಂದರ ಕೆಳಗೊಂದು ಕುಳಿತಿದ್ದವು. ಕೆಂಪು ಪೆನ್ನಿನಿಂದ ತಿದ್ದಿದ ಮೇಲೆಯೇ ನನಗೆ ಒಂದು ಚಮಚ ಒಳಗಿಳಿಸಲು ಸಾಧ್ಯವಾದುದು. ಮಾತ್ರೆಯ ಪಟ್ಟಿಯಲ್ಲಿ ತಿದ್ದುವಂಥದು ಏನೂ ಇರಲಿಲ್ಲವಾದ್ದರಿಂದ ಅದನ್ನು ನಂಬಿಬಿಟ್ಟೆ.

"ಏನು ಗುಳಿಗಿ ಇವು?" ಎಂದು ಕೇಳಿದ್ದೆ.

"ಹಾಲಿಂದು," ಎಂದರು. "ಅಂಗಡ್ಯಾಂವ ಹೇಳ್ಯಾನ, ದಿನಾ ಮೂರು. ಇದನ್ನ ತಗೊಂಡವರದು ತಡಕೊಳ್ಳಾಕ ಆಗಲಾರದಷ್ಟು ಬಂದದಂತ."

ನನಗೆ ಬಂದುದು ನಿದ್ದೆ. ಯಜಮಾನರೂ ಅತ್ತೆಯೂ ಊರಿಗೆ ಮರಳಿದ ಸೋಮವಾರವಿಡೀ ಮೈ ಭಾರವಾಗಿ, ಮನಸ್ಸು ಮಂಕಾಗಿ, ಹೊರಸಿನ ಮೇಲೆ ಬಿದ್ದುಕೊಂಡೆ. ವೇಳಾಪಟ್ಟಿಯ ಎರಡು ಸಾಲು ಖಾಲಿ ಉಳಿದವು. ಆ ಎರಡು ಸಾಲಿನ ಹೊತ್ತಿನಲ್ಲಿ ಕೂಸಿಗೆ ಸಕ್ಕರೆ ನೀರೇ ಗತಿಯಾಯಿತು. ಮಂಗಳವಾರ ಬೆಳಿಗ್ಗೆ ಎದ್ದು ನೋಡುತ್ತೇನೆ, ಅಷ್ಟು ಪಾಯಸ, ಬೇರು, ಹರಳು, ಗುಳಿಗೆಗಳ ನಂತರವೂ ಎದೆ ಮೊದಲಿಗಿಂತ ಹಗುರ. ಆಗ ನಾನು ಗೋಡೆಯ ಕಡೆ ತಿರುಗಿ ಕಣ್ಣೀರು ಹಾಕಿದೆ. ಯಾರಿಗೂ ಹೇಳಲಿಲ್ಲ. ಡಬ್ಬಿಯ ಹಾಲಿಗೆ ಮನಸ್ಸನ್ನು ಒಗ್ಗಿಸಿಕೊಳ್ಳಲು ಅಂದೇ ಆರಂಭಿಸಿದ್ದೆ.

ನರ್ಸಮ್ಮ ಬಂದುದು ಅದೇ ಮಂಗಳವಾರ. ಚಪ್ಪಲಿ ಬಿಟ್ಟು, ಕೈ ತೊಳೆದುಕೊಂಡು, ಹೊರಸಿನ ಪಕ್ಕದಲ್ಲಿ ಕುಳಿತಳು. ದಿಂಬಿನ ಕೆಳಗಿನ ನೋಟುಪುಸ್ತಕ ಅವಳ ಕಣ್ಣಿಗೆ ಬಿತ್ತು. ಕೇಳದೆಯೇ ತೆಗೆದು ಪುಟ ತಿರುವಿದಳು. ಆ ಪುಸ್ತಕದ ಬಗ್ಗೆ ನನಗೆ ಒಳಗೊಳಗೇ ಹೆಮ್ಮೆಯಿತ್ತು.

"ಟೀಚರ್, ಇದೇನ್ರಿ, ಸಾಲಿ ಟೈಮ್ ಟೇಬಲ್ಲಾ?"

"ಹಾಲು ಕುಡಿಸಿದ ವಿವರ," ಎಂದೆ.

"ನಾಲ್ಕು ತಾಸಿಗೊಮ್ಮಿ ಅದ. ನಡುವ ಕೂಸು ಅತ್ತರ?"

ಉತ್ತರ ಬಾಗಿಲಿನಿಂದ ಬಂತು. "ಸಕ್ಕರಿ ನೀರು ಕುಡಸ್ತೀನಿ," ಎಂದಳು ಅವ್ವ.

"ಎಷ್ಟು ಕುಡಸ್ತೀರಿ ಆಯಿ?"

"ಅಳೂದು ನಿಲ್ಲೋತನ."

ನರ್ಸಮ್ಮ ಪುಸ್ತಕವನ್ನು ಮುಚ್ಚಿದಳು. "ಅದರ ಹೊಟ್ಟಿ ಸಕ್ಕರಿ ನೀರಿಲೆ ತುಂಬತದ. ಇವರ ಪಾಳಿ ಬರೂದ್ರಾಗ ಅದಕ್ಕ ಹಸಿವೇ ಇರಂಗಿಲ್ಲ. ಮತ್ತ ಟೀಚರ್, ನಾಲ್ಕು ತಾಸು ಯಾಕ ಬಂದ್ ಇಟ್ಟೀರಿ?"

"ನಿಲ್ಲಲಿ ಎಂದು. ನಿಂತರೆ ಜೋರಾಗಿ ಬರುತ್ತದೆಯಲ್ಲ."

"ಯಾರು ಹೇಳ್ಯಾರ?"

ನಾನೂ ಅವ್ವನೂ ಏಕಕಾಲದಲ್ಲಿ ಅಂಗಳದ ಕಡೆ ನೋಡಿದೆವು. ಅಪ್ಪ ಅಲ್ಲಿ ಹಗ್ಗ ಹೊಸೆಯುತ್ತಿದ್ದ. ಕೈ ನಿಂತಿತು, ತಲೆ ಏಳಲಿಲ್ಲ.

"ಇದು ನಿಂದ್ರಿಸಿ ಬಿಡೂದಲ್ರಿ," ಎಂದಳು ಅವಳು. "ತುಂಬಿ ನಿಂತ್ರ ಮೈ ಏನಂತ ತಿಳ್ಕೊಂತದ? ಸಾಕಾಗ್ಯಾದ, ಇನ್ನ ಮಾಡೂದು ಬ್ಯಾಡ ಅಂತ. ಕೂಸು ಕುಡಿದು ಖಾಲಿ ಮಾಡಿದಷ್ಟೂ ಮತ್ತ ಮಾಡ್ತದ. ಅದು ಬಾಯಿ ಮಾಡಿದಾಗೆಲ್ಲ ಕೊಡ್ರಿ. ಹತ್ತು ಸಲ ಆಗಲಿ, ಹನ್ನೆರಡು ಸಲ ಆಗಲಿ, ಲೆಕ್ಕ ಇಡಬ್ಯಾಡ್ರಿ. ಸಕ್ಕರಿ ನೀರು ಪೂರಾ ಬಂದ್. ಎಲ್ಲಿ, ಈಗ ಒಮ್ಮಿ ಕುಡಸ್ರಿ, ನೋಡ್ತೀನಿ."

ನಾನು ಕೂಸನ್ನು ತೊಡೆಯ ಮೇಲಿಟ್ಟುಕೊಂಡು ಅದರ ಮೇಲೆ ಬಾಗಿದೆ.

"ಗೂನು ಬಿದ್ದು ಕೂಡಬ್ಯಾಡ್ರಿ. ನೆಟ್ಟಗ ಕೂಡ್ರಿ ಟೀಚರ್. ನೀವು ಕೂಸಿನ ಕಡೆ ಬಗ್ಗೂದಲ್ಲ, ಕೂಸನ್ನ ನಿಮ್ಮ ಕಡೆ ತರಬೇಕು. ಬಾಯಿ ದೊಡ್ಡದು ತೆರೀಲಿ, ತಡೀರಿ. ಹಾಂ, ಈಗ."

ಎಂಟು ವರ್ಷಗಳ ಕಾಲ ನಾನು ದಿನವೂ ಹೇಳಿದ್ದ ಮಾತು ಅದು, ನೆಟ್ಟಗೆ ಕೂತುಕೋ ಎಂಬುದು. ಕೇಳಿಸಿಕೊಳ್ಳುವವರಿಗೆ ಹೇಗಿರುತ್ತದೆಂದು ಅಂದು ತಿಳಿಯಿತು. ಆದರೆ ಕೂಸು ಗುಟುಕರಿಸುವ ಸದ್ದೂ ಕೇಳಿಸಿತು. ಅಂಥ ಸದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ.

ಅವಳು ಅಷ್ಟಕ್ಕೇ ಬಿಡಲಿಲ್ಲ. ಮಾತ್ರೆಯ ಪಟ್ಟಿಯನ್ನು ಬೆಳಕಿಗೆ ಹಿಡಿದು ಓದಿದಳು.

"ಇದು ವಾಂತಿ ನಿಲ್ಲಸೂ ಗುಳಿಗಿರಿ. ಹಾಲಿಗಂತ ಕೆಲವು ಡಾಕ್ಟರು ಬರೀತಾರ, ಇಲ್ಲಂತ ಅಲ್ಲ. ಆದ್ರ ಅಂಗಡ್ಯಾಂವ ಡಾಕ್ಟರಲ್ಲ. ನಿಮಗ ಜೋಂಪು ಹತ್ತಿದ್ದು ಇದರಿಂದನೇ ಇರಬೇಕು. ಬಂದ್ ಮಾಡ್ರಿ, ನಾಳೆ ಶಹಾಪುರಕ್ಕ ಹೋಗಿ ಡಾಕ್ಟರಮ್ಮಗ ತೋರಸ್ರಿ. ಈ ಪುಡಿ ಏನು?"

"ಬೇರು. ಅತ್ತೆಯವರು ತಂದದ್ದು."

"ಅದರ ಗುಣ ನನಗ ಗೊತ್ತಿಲ್ರಿ. ಅದನ್ನೂ ತೋರಸ್ರಿ."

"ಮತ್ತ ನನ್ನ ಅಳ್ವಿ?" ಎಂದಳು ಅವ್ವ. ಅವಳ ಧ್ವನಿಯಲ್ಲಿ ಪರೀಕ್ಷೆಯ ಫಲಿತಾಂಶಕ್ಕೆ ಕಾದವರ ಅಳುಕಿತ್ತು.

"ತಿನ್ನಲಿ ಬಿಡ್ರಿ ಆಯಿ. ಬಾಳಂತಿ ಹೊಟ್ಟಿ ತುಂಬಬೇಕಲ್ಲ. ಆದ್ರ ನೀರು ಕೊಡ್ರಿ. ನೀರಡಿಕಿ ಆದಾಗೆಲ್ಲ ಕೊಡ್ರಿ."

ಅವಳು ಎದ್ದು ಹೊರಟಾಗ ಅಪ್ಪ ಹಗ್ಗವನ್ನು ಪಕ್ಕಕ್ಕಿಟ್ಟ. ಎಮ್ಮೆಯನ್ನು ಉದ್ದೇಶಿಸಿಯೇ ಮಾತಾಡಿದ.

"ಹಂಗಾರ ಅದು ಕೆನಾಲ ಅಲ್ಲ. ಬಾವಿ."

"ಏನಂದ್ರಿ ಕಾಕಾ?" ನರ್ಸಮ್ಮ ನಿಂತಳು.

"ಕೆನಾಲ ಬರೂಕಿಂತ ಮೊದಲ ಹೊಲದಾಗ ಬಾವಿ ಇತ್ತು. ದಿನಾ ಎತ್ತತಿದ್ವಿ. ಎತ್ತಿದಷ್ಟೂ ಸೆಲಿ ತೆರಕೊಂತ ಬರತಿದ್ದವು. ಕೆನಾಲ ಬಂತು, ಎತ್ತೂದು ಬಿಟ್ವಿ. ಎರಡು ವರ್ಷಕ್ಕ ಹೂಳು ಕುಂತು ಸೆಲಿ ಮುಚ್ಚಿ ಹೋದವು. ನನಗಿದು ತಿಳೀಬೇಕಾಗಿತ್ತು."

"ಹೌದ್ರಿ ಕಾಕಾ. ಬಾವೀನೇ."

ಸಂಜೆಗೆ ನೋಡಿದರೆ ಪಡಸಾಲೆಯ ಗೋಡೆಯಲ್ಲಿ ಗಡಿಯಾರವಿರಲಿಲ್ಲ. ಅಪ್ಪ ಅದನ್ನು ಇಳಿಸಿಕೊಂಡು ಹೋಗಿ ದನದ ಕೊಟ್ಟಿಗೆಯ ಗೂಟಕ್ಕೆ ನೇತುಹಾಕಿದ್ದ. ವೇಳೆ ತಿಳಿಯುವ ಸೌಭಾಗ್ಯ ಎಮ್ಮೆಯದಾಯಿತು.

ಬುಧವಾರ ಶಹಾಪುರದ ವೈದ್ಯೆ ಮಾತ್ರೆಯನ್ನು ನಿಲ್ಲಿಸಿದರು, ಬೇರಿನ ಪುಡಿಯನ್ನೂ ಸದ್ಯಕ್ಕೆ ಬೇಡವೆಂದರು. "ಮೊದಲ ಕುಡಿಸೂದು ಬರಾಬರ್ ಆಗಲಿ, ಔಷಧದ ಮಾತು ಆಮ್ಯಾಲ," ಎಂಬುದು ಅವರ ಚಿಕಿತ್ಸೆಯ ಸಾರಾಂಶ. ಮನೆಗೆ ಬಂದು ನಾನು ನೋಟುಪುಸ್ತಕವನ್ನು ಅವ್ವನ ಟ್ರಂಕಿನಲ್ಲಿಟ್ಟು ಬೀಗ ಹಾಕಿಸಿದೆ. ಬಿಟ್ಟರೆ ಬರೆದುಬಿಡುತ್ತೇನೆಂದು ನನಗೆ ಗೊತ್ತಿತ್ತು.

ಆಮೇಲಿನ ದಿನಗಳಲ್ಲಿ ನಾನು ಮಾಡಿದ ಕೆಲಸ ಒಂದೇ. ಕೂಸು ಬಾಯಿ ಚಪ್ಪರಿಸಿದರೆ ಎತ್ತಿಕೊಂಡೆ, ಮುಷ್ಟಿ ಚೀಪಿದರೆ ಎತ್ತಿಕೊಂಡೆ. ಊಟದ ನಡುವೆ, ಎರೆದುಕೊಂಡು ಬಂದು ತಲೆ ಒಣಗುವ ಮೊದಲು, ಬೀದಿಯ ಹೆಂಗಸರು ಮಾತಿಗೆ ಬಂದು ಕುಳಿತಾಗ. ಎಷ್ಟು ಸಲವೆಂದು ಎಣಿಸಬಾರದೆಂದು ಶಪಥ ಮಾಡಿದ್ದರೂ ಬೆರಳುಗಳು ತಾವಾಗಿಯೇ ಮಡಚಿಕೊಳ್ಳುತ್ತಿದ್ದವು. ಅವ್ವನಿಗೆ ಈ ವಿಧಾನದಲ್ಲಿ ನಂಬಿಕೆ ಬಂದಿರಲಿಲ್ಲ. "ಈಗ ಅರ್ಧ ತಾಸಿನ ಹಿಂದ ಕುಡದದ. ಮತ್ತೇನು? ಹೊಟ್ಟ್ಯಾಗ ಕೆರಿ ಅದ ಏನು?" ಎನ್ನುತ್ತ ಸಕ್ಕರೆಯ ಡಬ್ಬಿಯ ಕಡೆ ನೋಡುತ್ತಿದ್ದಳು.

ಶನಿವಾರ ದೀಪ ಹಚ್ಚುವ ಹೊತ್ತಿಗೆ ಕೂಸು ಅಳಲು ತೊಡಗಿತು. ಕುಡಿಯುವುದು, ಬಿಡುವುದು, ಕಿರುಚುವುದು, ಮತ್ತೆ ಕುಡಿಯುವುದು. ಎಡಬದಿ ಆಯಿತು, ಬಲಬದಿ ಆಯಿತು, ಪುನಃ ಎಡ. ನಡು ನೋಯುತ್ತಿತ್ತು. ಎದೆ ಬರಿದಾದ ಬಟ್ಟೆಯ ಚೀಲದಂತೆ ಅನ್ನಿಸುತ್ತಿತ್ತು. ತಲೆಯೆತ್ತಿ ನೋಡಿದರೆ ಅವ್ವ ಸಣ್ಣ ಬಟ್ಟಲು, ಅರಳೆಯ ಬತ್ತಿ ಹಿಡಿದು ಬಾಗಿಲಲ್ಲಿ ನಿಂತಿದ್ದಳು.

"ಒಂದ್ ಬತ್ತಿ ಹಿಡೀತೀನಿ. ಯಾರಿಗೂ ಗೊತ್ತಾಗಂಗಿಲ್ಲ. ಕೂಸು ನಿದ್ದಿ ಮಾಡ್ತದ, ನೀನೂ ಮಾಡು."

ಬೇಡವೆನ್ನಲು ನನ್ನಲ್ಲಿ ಶಕ್ತಿಯಿರಲಿಲ್ಲ. "ಅವ್ವಾ, ನನಗ ಹಾಲೇ ಇಲ್ಲ ಕಾಣಸ್ತದ," ಎಂದೆ. "ಇದ್ದಿದ್ರ ಇಷ್ಟು ತಿಂದ ಮ್ಯಾಲ ಬರತಿದ್ದಿಲ್ಲೇನು? ನೀನು ಬರೇ ಅಳ್ವಿ ಮ್ಯಾಲೇ ಐದು ಕೂಸು ಬೆಳಸೀದಿ."

ಅವ್ವ ಬಟ್ಟಲನ್ನು ಗೂಡಿನಲ್ಲಿಟ್ಟು ಹೊರಸಿನ ಅಂಚಿಗೆ ಬಂದು ಕುಳಿತಳು. ಸ್ವಲ್ಪ ಹೊತ್ತು ನನ್ನ ಕಾಲು ಒತ್ತಿದಳು.

"ಬೀಗತಿ ಮುಂದ ಹೇಳಬ್ಯಾಡ," ಎಂದಳು.

"ಏನು?"

"ನಾ ಬಾಳಂತಿ ಇದ್ದಾಗ ಅಳ್ವಿ ಅನ್ನೂದು ಕಣ್ಣಿಲೆ ನೋಡಿದ್ದಿಲ್ಲ. ಯಾರು ತರಬೇಕು? ಅಂಬಲಿ, ಜ್ವಾಳದ ನುಚ್ಚು, ಇದ್ದರ ಒಂದೀಟು ಬೆಲ್ಲ. ಕೆನಾಲ ಬಂದು ಎರಡು ಪೀಕು ಕೈಗೆ ಹತ್ತಿದ ಮ್ಯಾಲ ಅನ್ನಕೊಂಡೆ, ನನ್ನ ಮಗಳು ಬಾಳಂತಿ ಆದಾಗ ಅಳ್ವಿ, ಅಂಟು, ಉತ್ತತ್ತಿ, ಒಂದೂ ಬಿಡಬಾರದು ಅಂತ."

ಕೂಸಿನ ಅಳು ತಗ್ಗಿ ಬಿಕ್ಕಾಗಿತ್ತು. ನಾನು ಕೇಳಿದೆ:

"ಹಂಗಾರ ಹಾಲು ಹೆಂಗ ಬಂತು?"

"ಯಾವಂಗ ಗೊತ್ತು? ನೀ ಬಿಡತಿದ್ದಿಲ್ಲ. ಹತ್ತಿ ಬಿಡಸಾಕ ಹೋದ್ರ ಬೆನ್ನಿಗಿ, ಕುಂತ್ರ ಎದಿಗಿ. ಸೆರಗಿನಾಗೇ ಬೆಳದೀದಿ. ಗಡಿಯಾರ ಎಲ್ಲಿತ್ತು ಆವಾಗ, ಗೋಡೇನೂ ಅರ್ಧನೇ ಇತ್ತು."

ಇಷ್ಟು ಹೇಳಿದ ಮೇಲೆ ತಾನು ಹೇಳಿದ್ದೇನೆಂದು ಅವಳಿಗೇ ಹೊಳೆದಿರಬೇಕು. ಎದ್ದು ಹೋಗಿ ಬಟ್ಟಲಿನ ಸಕ್ಕರೆ ನೀರನ್ನು ತಾನೇ ಕುಡಿದು, ಬಟ್ಟಲು ಬೋರಲು ಹಾಕಿದಳು. ಬಂದು ನನ್ನ ಬೆನ್ನಿಗೆ ದಿಂಬು ಕೊಟ್ಟು, "ನೆಟ್ಟಗ ಕೂಡು, ಆಕಿ ಹೇಳಿಲ್ಲೇನು," ಎಂದು ಗದರಿದಳು. ನಾನು ಕೂಸನ್ನು ಮತ್ತೆ ಎತ್ತಿಕೊಂಡೆ.

ಎರಡನೆಯ ಗುರುವಾರ ಬಂತು. ಅಂಗನವಾಡಿಯ ಒಳಗೆ ಏಳೆಂಟು ತಾಯಂದಿರು ಸಾಲಾಗಿ ಕುಳಿತಿದ್ದರು. ನಾನು ಕೂಸಿನ ಮೈಮೇಲಿನ ಕುಂಚಿಗೆ, ಕಾಲುಚೀಲ, ಕೈಯ ಕರಿಮಣಿ ಎಲ್ಲವನ್ನೂ ಕಳಚಿದೆ. ತೂಕದಲ್ಲಿ ಒಂದು ಗುಂಜಿಯ ಸುಳ್ಳೂ ಸೇರಬಾರದೆಂಬುದು ನನ್ನ ಹಟ. ಜೋಳಿಗೆಯಲ್ಲಿ ಮಲಗಿಸಿದೊಡನೆ ಅದು ಕಾಲು ಝಾಡಿಸತೊಡಗಿತು. ಮುಳ್ಳು ಅತ್ತಿಂದಿತ್ತ ಹೊಯ್ದಾಡಿತು. ಪಕ್ಕದಲ್ಲಿ ಅವ್ವ ಕಣ್ಣು ಮುಚ್ಚಿಕೊಂಡಿದ್ದಳು.

ಮುಳ್ಳು ಹಳೆಯ ಗೆರೆಯ ಮೇಲೊಮ್ಮೆ ನಿಂತಂತೆ ಮಾಡಿ, ಅದನ್ನು ದಾಟಿ, ಎರಡು ಸಣ್ಣ ಗೆರೆಗಳಾಚೆ ಹೋಗಿ, ಮೂರನೆಯದನ್ನು ಮುಟ್ಟಿಯೂ ಮುಟ್ಟದಂತೆ ನಿಂತಿತು.

"ಏರೇದ್ರಿ ಟೀಚರ್," ಎಂದಳು ನರ್ಸಮ್ಮ, ಕಾರ್ಡಿನ ಮೇಲೆ ಬರೆಯುತ್ತ. "ಡಬ್ಬಿ ಬ್ಯಾಡ. ಹಿಂಗೇ ನಡೀಲಿ."

"ಇನ್ನೊಮ್ಮೆ ತೂಗು," ಎಂದೆ. "ಕಾಲು ಝಾಡಿಸಿತಲ್ಲ, ಮುಳ್ಳು ತಪ್ಪು ತೋರಿಸಿರಬಹುದು."

"ತಪ್ಪು ತೋರಿಸಿಲ್ರಿ."

"ಒಂದು ಸಲ ತಾಳೆ ನೋಡಿದರೆ ಏನಾಗುತ್ತದೆ?"

"ಹಿಂದ ಎಂಟು ಮಂದಿ ಕುಂತಾರ, ಅದಾಗ್ತದ. ಕೂಸು ಅಳಾಕತ್ತದ ನೋಡ್ರಿ, ಮೊದಲ ಎತ್ತಿಕೋರಿ."

ನಾನು ಎತ್ತಿಕೊಂಡೆ. ಹೊರಜಗಲಿಯ ಮೆಟ್ಟಿಲಿನ ಮೇಲೆ, ಬೆನ್ನನ್ನು ಗೋಡೆಗೆ ನೆಟ್ಟಗೆ ಕೊಟ್ಟು ಕುಳಿತು, ಸೆರಗು ಹೊದಿಸಿ ಕುಡಿಸತೊಡಗಿದೆ. ಅಷ್ಟರಲ್ಲಿ ಒಳಗಿನ ಸಾಲಿನಲ್ಲಿದ್ದ ತೆಳ್ಳನೆಯ ಬಾಣಂತಿಯೊಬ್ಬಳು ಎದ್ದು, ಜಗಲಿಯಲ್ಲಿ ನನ್ನ ಪಕ್ಕ ನಿಂತಿದ್ದ ಅವ್ವನ ಬಳಿಗೆ ಬಂದಳು. ಹದಿನೆಂಟು ಹತ್ತೊಂಬತ್ತರ ಹುಡುಗಿ. ಅವಳ ಮಡಿಲಿನ ಕೂಸು ನನ್ನದಕ್ಕಿಂತ ಚಿಕ್ಕದು.

"ಆಯಿ, ನಿಮ್ಮ ಮಗಳಿಗೆ ಏನು ತಿನ್ನಿಸಿದ್ರಿ? ನನಗ ಹಾಲು ಸಾಲವಲ್ದು ಅಂತಾರ ನಮ್ಮತ್ತಿ."

"ಅಳ್ವಿ," ಎಂದಳು ಅವ್ವ, ಒಂದು ಕ್ಷಣವೂ ತಡಮಾಡದೆ. "ರಾತ್ರಿ ನೆನಿ ಹಾಕು, ಮುಂಜಾನೆ ಹಾಲಿನ್ಯಾಗ ಕುದಸು. ನಮ್ಮ ಮನ್ಯಾಗ ಐದು ಕೂಸು ಅಳ್ವಿ ಮ್ಯಾಲೇ ಬೆಳೆದಾವ."

ಹೇಳಿದವಳೇ ನನ್ನ ಕಡೆ ಓರೆಗಣ್ಣಿನಿಂದ ನೋಡಿದಳು. ಯಾರ ಮಾತಿನಲ್ಲಿ ತಪ್ಪು ಕಂಡರೂ ಅಲ್ಲಿಯೇ ತಿದ್ದುವ ನನ್ನ ಚಟ ಅವಳಿಗೆ ಗೊತ್ತಿತ್ತು. ಹುಡುಗಿಯೂ ನನ್ನನ್ನೇ ನೋಡುತ್ತಿದ್ದಳು.

"ಖರೇ ಏನ್ರಿ ಅಕ್ಕಾ?"

"ಖರೇ," ಎಂದೆ. "ಅಳ್ವಿನೇ. ಆದ್ರ ಅದಕ್ಕೊಂದು ಪಥ್ಯ ಅದ. ಕೂಸು ಬಾಯಿ ಮಾಡಿದಾಗೆಲ್ಲ ಎತ್ತಿಕೊಂಡು ಕುಡಸಬೇಕು. ವೇಳೆ ನೋಡಬಾರದು, ನಡುವ ಸಕ್ಕರಿ ನೀರು ಹಾಕಬಾರದು. ಪಥ್ಯ ತಪ್ಪಿದ್ರ ಅಳ್ವಿ ಹತ್ತಂಗಿಲ್ಲ."

"ಎಷ್ಟು ಸಲ ಕುಡಸಬೇಕ್ರಿ?"

"ಎಣಸಬ್ಯಾಡ," ಎಂದಳು ಅವ್ವ, ನನಗಿಂತ ಮೊದಲೇ.

ಹುಡುಗಿ ತಲೆಯಾಡಿಸಿದಳು. ಒಳಗಿನಿಂದ ನರ್ಸಮ್ಮ ಮುಂದಿನವರನ್ನು ಕರೆದಳು. ಹುಡುಗಿಯ ಪಾಳಿ ಇನ್ನೂ ಬಂದಿರಲಿಲ್ಲ. ಅವಳು ನನ್ನ ಪಕ್ಕದ ಮೆಟ್ಟಿಲಿನ ಮೇಲೆ ಕುಳಿತು, ನನ್ನನ್ನು ನೋಡಿ ಬೆನ್ನು ನೆಟ್ಟಗೆ ಮಾಡಿಕೊಂಡು, ಕೂಸನ್ನು ಎದೆಗೆ ಹಚ್ಚಿದಳು.